ರೇಸ್ ಕಾರ್ ಕಿಟ್: ಜೋಡಣೆಗಿಂತ ಬಣ್ಣ ಮೊದಲು

ಮಾನ್ಯ ಸಂಪಾದಕರೇ,

ರಜೆಯ ಹವ್ಯಾಸಗಳ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ ನಿಜವಾದ ವಾಹನಗಳನ್ನು ಕುಗ್ಗಿಸಿ, ತುಂಡು ಜೋಡಿಸಿ ಮಾಡುವ ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್‌ಗಳಿಗೂ ಜಾಗ ಸಿಕ್ಕಿದ್ದು ಖುಷಿಯ ಸಂಗತಿ. ಕನ್ನಡದಲ್ಲಿ ಈ ವಿಷಯ ಅಚ್ಚಾಗುವುದೇ ಅಪರೂಪ. ಆದರೆ ರೇಸ್ ಕಾರ್ ಕಿಟ್‌ಗಳ ಬಗ್ಗೆ ಅಲ್ಲಿ ಮೂರು ಸಲಹೆಗಳಿದ್ದವು: ಮೊದಲು ಪೂರ್ತಿ ಜೋಡಿಸಿ ಆಮೇಲೆ ಬಣ್ಣ ಹೊಡೆಯಿರಿ, ಅಂಟಿಗೆ ಫೆವಿಕ್ವಿಕ್ ಸಾಕು, ಬಣ್ಣ ತೆಳುವಾಗಿಸಲು ಪೇಂಟ್ ಅಂಗಡಿಯ ಥಿನ್ನರ್ ಆಗುತ್ತದೆ. ಮೂರೂ ತಪ್ಪು. ಈ ಕಿಟ್‌ಗಳು ಹೊರದೇಶದಿಂದ ಬರುವಂಥವು, ಬೆಲೆ ಕಡಿಮೆಯಲ್ಲ. ಮೊದಲ ಕಿಟ್ಟೇ ಹಾಳಾದರೆ ಮಕ್ಕಳು ಎರಡನೆಯದರ ಸುದ್ದಿಗೆ ಹೋಗುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಉದಾಹರಣೆಗೆ ಜಪಾನಿನ ತಮಿಯಾ ಕಂಪನಿಯ 1/20 ಅಳತೆಯ, ಅಂದರೆ ನಿಜವಾದ ಕಾರಿನ ಇಪ್ಪತ್ತನೇ ಒಂದರಷ್ಟಿರುವ, ಮೆಕ್ಲಾರೆನ್ ಹೋಂಡಾ ಎಂಪಿ4/4 ಕಿಟ್ ತೆಗೆದುಕೊಳ್ಳೋಣ. 1988ರ ಫಾರ್ಮುಲಾ ಒನ್‌ನಲ್ಲಿ 16 ರೇಸ್‌ಗಳ ಪೈಕಿ 15 ಗೆದ್ದ ಕಾರು ಇದು. 12ನೇ ನಂಬರಿನ ಐರ್ಟನ್ ಸೆನ್ನಾ 8, 11ನೇ ನಂಬರಿನ ಅಲೈನ್ ಪ್ರೋಸ್ಟ್ 7 ಗೆದ್ದರು. ಕೈತಪ್ಪಿದ್ದು ಇಟಲಿಯ ಮೋಂಜಾ ರೇಸ್ ಒಂದೇ. ಮಾಡೆಲ್ ಗೇಣುದ್ದ ಇರುತ್ತದೆ. ಎಂಜಿನ್ ಮುಚ್ಚಳ ತೆಗೆದರೆ ಒಳಗೆ 1.5 ಲೀಟರ್‌ನ ಹೋಂಡಾ ವಿ6 ಟರ್ಬೊ ಎಂಜಿನ್ ಕಾಣಬೇಕು. ಎಲ್ಲವನ್ನೂ ಅಂಟಿಸಿದ ಮೇಲೆ ಬಣ್ಣ ಹೊಡೆಯಿರಿ ಎನ್ನುವ ಸಲಹೆ ಸೋಲುವುದು ಇಲ್ಲೇ. ಹೊರಮೈ ಬಿಳಿ ಮತ್ತು ಹೊಳೆಯುವ ಫ್ಲೋರೊಸೆಂಟ್ ಕೆಂಪು, ತಳ ಕಪ್ಪು, ಎಂಜಿನ್ ಲೋಹದ ಬಣ್ಣ, ಚಕ್ರಗಳನ್ನು ಹಿಡಿದಿಡುವ ಸಸ್ಪೆನ್ಷನ್ ತೋಳುಗಳೂ ಕಪ್ಪು. ಎಲ್ಲ ಕೂಡಿಸಿದ ಮೇಲೆ ರೇಡಿಯೇಟರ್ ಹಿಂದೆ ಕುಂಚ ಹೋಗುವುದಿಲ್ಲ, ತೋಳುಗಳ ಸಂದಿಯಲ್ಲಿ ಮಾಸ್ಕಿಂಗ್ ಟೇಪ್ ಕೂರುವುದಿಲ್ಲ.

ಹಾಗೆಂದು ಪ್ರತಿ ತುಂಡಿಗೂ ಬಿಡಿಬಿಡಿಯಾಗಿ ಬಣ್ಣ ಹೊಡೆಯುವುದೂ ಸರಿಯಲ್ಲ. ಎರಡು ತುಂಡು ಸೇರಿ ಒಂದೇ ಬಣ್ಣದ ವಸ್ತುವಾಗುವುದಿದ್ದರೆ, ಕೂಡು ಹೊರಗೆ ಕಾಣುವಂತಿದ್ದರೆ, ಅವನ್ನು ಮೊದಲು ಅಂಟಿಸಿ, ಗೆರೆ ಉಜ್ಜಿ ಅಳಿಸಿ ಆಮೇಲೆ ಬಣ್ಣ. ಗೇರ್‌ಬಾಕ್ಸಿನ ಎರಡು ಹೋಳು, ಎಂಜಿನ್ ಬ್ಲಾಕ್ ಈ ಜಾತಿಗೆ ಸೇರಿದವು. ಉಳಿದವಕ್ಕೆ ಬಣ್ಣ ಮೊದಲು, ಅಂಟು ಆಮೇಲೆ. ಕಿಟ್ ಜೊತೆ ಬರುವ ಸೂಚನಾ ಹಾಳೆಯ ಹೆಜ್ಜೆ ಸಂಖ್ಯೆಗಳು ಜೋಡಣೆಯ ಕ್ರಮವೇ ಹೊರತು ಬಣ್ಣದ ಕ್ರಮವಲ್ಲ. ಕತ್ತರಿ ಹಿಡಿಯುವ ಮುಂಚೆ ಆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಯಾವ ತುಂಡು ಯಾವ ಗುಂಪಿಗೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಅಚ್ಚಿನಿಂದ ಪ್ಲಾಸ್ಟಿಕ್ ಸಲೀಸಾಗಿ ಬಿಡಲೆಂದು ಬಳಸುವ ಜಿಡ್ಡು ತುಂಡುಗಳ ಮೇಲೆ ಉಳಿದಿರಬಹುದು. ಅದಕ್ಕೆ ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು ಸಮೇತ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಹಳೆಯ ಟೂತ್‌ಬ್ರಷ್‌ನಿಂದ ತೊಳೆದು ಒಣಗಿಸಬೇಕು. ತುಂಡನ್ನು ಚೌಕಟ್ಟಿನಿಂದ ತಿರುಚಿ ಕೀಳಬಾರದು. ಸಣ್ಣ ಕತ್ತರಿಸುವ ಇಕ್ಕಳದಂಥ ನಿಪ್ಪರ್‌ನಿಂದ ಎರಡು ಸಲ ಕತ್ತರಿಸಬೇಕು: ಮೊದಲು ತುಂಡಿನಿಂದ ಎರಡು ಮೂರು ಮಿ.ಮೀ. ದೂರದಲ್ಲಿ, ಆಮೇಲೆ ಉಳಿದ ಮೊಳೆಯನ್ನು. ಒಂದೇ ಸಲಕ್ಕೆ ಅಂಚಿಗೆ ಹಚ್ಚಿ ಕತ್ತರಿಸಿದರೆ ಒತ್ತಡಕ್ಕೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ ಅಥವಾ ಒಳಕ್ಕೆ ಕಿತ್ತು ಗುಳಿ ಬೀಳುತ್ತದೆ. ಎಂಪಿ4/4ರ ಸಸ್ಪೆನ್ಷನ್ ತೋಳುಗಳು ತೆಳ್ಳಗಿವೆ. ಅವುಗಳ ಉದ್ದಕ್ಕೂ ಇರುವ ಅಚ್ಚಿನ ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, 600 ಮತ್ತು 1000 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಬೇಕು. ತೋಳು ಕಪ್ಪು ತಾನೇ, ಯಾರಿಗೆ ಕಾಣುತ್ತದೆ ಎಂದು ಬಿಟ್ಟರೆ ಬೆಳಕು ಬಿದ್ದಾಗ ಮೊದಲು ಕಾಣುವುದು ಆ ಗೆರೆಯೇ.

ಇನ್ನು ಅಂಟು. ಈ ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಇದಕ್ಕೆಂದೇ ಇರುವ, ಸಿಮೆಂಟ್ ಎಂದು ಕರೆಯುವ ತೆಳು ಅಂಟು ಎರಡೂ ಮೈಗಳನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ. ತಮಿಯಾದ ಹಸಿರು ಮುಚ್ಚಳದ ಸೀಸೆಯಲ್ಲಿ ಇರುವುದು ಅಸಿಟೋನ್ ಮತ್ತು ಬ್ಯೂಟೈಲ್ ಅಸಿಟೇಟ್. ತುಂಡುಗಳನ್ನು ಒತ್ತಿ ಹಿಡಿದು ಕೂಡಿನ ಒಂದು ತುದಿಗೆ ಕುಂಚ ಮುಟ್ಟಿಸಿದರೆ ಸಾಕು, ಸಂದಿಯುದ್ದಕ್ಕೂ ಅದು ತಾನೇ ಹರಿಯುತ್ತದೆ. ಬೆರಳು ಆ ಸಂದಿಯ ಮೇಲಿದ್ದರೆ ಬೆರಳಡಿಗೂ ಹರಿದು ಹೆಬ್ಬೆಟ್ಟಿನ ಗುರುತು ಪ್ಲಾಸ್ಟಿಕ್‌ನಲ್ಲಿ ಅಚ್ಚಾಗುತ್ತದೆ. ಬಣ್ಣದ ಮೇಲೆ ಈ ಸಿಮೆಂಟ್ ಹಿಡಿಯದು. ಅಂಟುವ ಜಾಗದ ಬಣ್ಣವನ್ನಷ್ಟೇ ಕೆರೆದು ತೆಗೆಯಬೇಕು, ಇಲ್ಲವೇ ಬಣ್ಣ ಹೊಡೆಯುವ ಮುಂಚೆಯೇ ಅಲ್ಲಿ ಟೇಪಿನ ಚೂರು ಅಂಟಿಸಿರಬೇಕು. ಫೆವಿಕ್ವಿಕ್ ಥರದ ಅಂಟಿನ ಆವಿ ಒಣಗುವಾಗ ಪಾರದರ್ಶಕ ಭಾಗಗಳ ಮೇಲೆ, ಹೊಳಪು ಬಣ್ಣದ ಮೇಲೆ ಬಿಳಿ ಮಸುಕಾಗಿ ಕೂರುತ್ತದೆ. ಲೋಹದ ತುಂಡು, ತಂತಿ ಕೂರಿಸಲು ಅದು ಬೇಕು. ಇಡೀ ಕಾರಿಗೆ ಬೇಡ.

ಬಣ್ಣಕ್ಕೆ ಮುಂಚೆ ಎಂಜಿನ್ ಮುಚ್ಚಳ, ಮೂತಿ, ತಳ ಇವನ್ನು ಅಂಟಿಲ್ಲದೆ, ಬರೀ ಟೇಪಿನಿಂದ ಕೂಡಿಸಿ ನೋಡಲೇಬೇಕು. ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ), ಬಿಳಿ, ಕೆಂಪು, ಮೇಲಿನ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಎಲ್ಲ ಸೇರಿ ಒಂದು ಅಂಚಿಗೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಬರಬಹುದು. ಎದುರಿನ ಅಂಚಿಗೂ ಅಷ್ಟೇ. ಬಣ್ಣವಿಲ್ಲದಾಗ ಬಿಗಿಯಾಗಿ ಕೂರುತ್ತಿದ್ದ ಮುಚ್ಚಳ ಬಣ್ಣದ ನಂತರ ಕೂರುವುದಿಲ್ಲ, ಬಲ ಹಾಕಿದರೆ ಅಂಚಿನ ಬಣ್ಣ ಚಕ್ಕೆಯಾಗಿ ಏಳುತ್ತದೆ. ಕೂಡುವ ಅಂಚುಗಳನ್ನು ಮೊದಲೇ ಕೂದಲೆಳೆಯಷ್ಟು ಉಜ್ಜಿ ಸಡಿಲ ಮಾಡಿಟ್ಟರೆ ಈ ಸಮಸ್ಯೆ ಇರುವುದಿಲ್ಲ. ಮೈಮೇಲಿನ ಪ್ಯಾನೆಲ್ ಗೆರೆಗಳನ್ನೂ ಇದೇ ಹಂತದಲ್ಲಿ ಸ್ವಲ್ಪ ಆಳವಾಗಿಸಬೇಕು, ಇಲ್ಲದಿದ್ದರೆ ಬಣ್ಣ ಅವನ್ನು ತುಂಬಿಬಿಡುತ್ತದೆ.

ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಕಾರು, ಮರಗೆಲಸದ ಬಣ್ಣಕ್ಕೆ ಮಾಡಿದ್ದು. ಪ್ರೈಮರ್ ಇಲ್ಲದ ಪಾಲಿಸ್ಟೈರೀನ್ ಮೇಲೆ ಬಿದ್ದರೆ ಮೈ ಮೆತ್ತಗಾಗಿ ಜಾಲದಂತೆ ಬಿರುಕು ಬಿಡುತ್ತದೆ, ಸಣ್ಣ ವಿವರಗಳು ಕರಗುತ್ತವೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಎರಚುವ ಸಣ್ಣ ಸಾಧನ) ತೊಳೆಯಲು ಮಾತ್ರ ಅದು ಸರಿ. ಮಾಡೆಲ್ ಬಣ್ಣಕ್ಕೆ ಆ ಬಣ್ಣದ ಕಂಪನಿಯದೇ ಥಿನ್ನರ್ ಬಳಸಬೇಕು. ಸ್ಪ್ರೇ ಡಬ್ಬಿಗಳನ್ನು ವಿಮಾನದಲ್ಲಿ ಕಳಿಸಲು ನಿರ್ಬಂಧವಿರುವುದರಿಂದ ನಮ್ಮಲ್ಲಿ ಅವು ಸಿಗುವುದು ಕಷ್ಟ. ಹೀಗಾಗಿ ಸೀಸೆ ಬಣ್ಣ ಮತ್ತು ಏರ್‌ಬ್ರಷ್ಷೇ ದಾರಿ. ಥಿನ್ನರ್ ಆರಿ ಬೇಗ ಒಣಗುವ ಲ್ಯಾಕರ್ ಬಣ್ಣಕ್ಕೆ ಒಂದು ಪಾಲು ಬಣ್ಣ, ಒಂದರಿಂದ ಎರಡು ಪಾಲು ಥಿನ್ನರ್, 0.3 ಮಿ.ಮೀ. ನಳಿಕೆ, 15ರಿಂದ 20 ಪಿಎಸ್‌ಐ ಒತ್ತಡ ಇಟ್ಟುಕೊಂಡು ಶುರು ಮಾಡಬಹುದು.

ಈ ಕಾರಿನ ನಿಜವಾದ ಪರೀಕ್ಷೆ ಆ ಕೆಂಪು. ಫ್ಲೋರೊಸೆಂಟ್ ಬಣ್ಣಕ್ಕೆ ಅಡಿಯದನ್ನು ಮುಚ್ಚುವ ಶಕ್ತಿ ಇಲ್ಲ. ಬೂದು ಪ್ರೈಮರ್ ಮೇಲೆ ನೇರವಾಗಿ ಹೊಡೆದರೆ ಇಟ್ಟಿಗೆ ಬಣ್ಣ ಬರುತ್ತದೆ. ಬೂದು ಎಲ್ಲೂ ಇಣುಕದಂತೆ ಬಿಳಿ ಹೊಡೆದು, ಅದು ಪೂರ್ತಿ ಒಣಗಿದ ಮೇಲೆಯೇ ಕೆಂಪು. ತುಂಡನ್ನು ಮೂಗಿನ ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಬಂದರೆ ಬಿಳಿ ಇನ್ನೂ ಒಣಗಿಲ್ಲ ಎಂದೇ ಅರ್ಥ, ಮುಟ್ಟಿದರೆ ಗಟ್ಟಿ ಎನಿಸಿದರೂ ಸರಿ. ಆಗ ಟೇಪ್ ಹಾಕಿದರೆ ಟೇಪಿನ ಗುರುತು ಬಣ್ಣದಲ್ಲಿ ಕೂತುಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಮಾಸ್ಕಿಂಗ್ ಟೇಪ್ ಸುಕ್ಕು ಸುಕ್ಕಾಗಿ ದಪ್ಪ ಇರುವುದರಿಂದ ಅದರಡಿ ಬಣ್ಣ ನುಸುಳುತ್ತದೆ. ಮಾಡೆಲ್‌ಗಳಿಗೆಂದೇ ಇರುವ ತೆಳು ಹಳದಿ ಟೇಪನ್ನು ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಅಂಚು ಕತ್ತರಿಸಿಕೊಳ್ಳಬೇಕು. ಅಂಚು ಒತ್ತಿದ ಮೇಲೆ ಮೊದಲು ಅದರ ಮೇಲೊಂದು ತೆಳು ಬಿಳಿ ಪದರ ಹಾಯಿಸಿ. ನುಸುಳುವುದಿದ್ದರೆ ಬಿಳಿಯೇ ನುಸುಳಿ ಸಂದಿ ಮುಚ್ಚುತ್ತದೆ, ಆಮೇಲೆ ಬರುವ ಕೆಂಪಿಗೆ ದಾರಿ ಇರುವುದಿಲ್ಲ.

ಬಹಳ ಜನ ಎಡವುವ ಇನ್ನೊಂದು ಜಾಗ ಇದೆ. ಪದರ ಹೆಚ್ಚಿದಂತೆ ಈ ಕೆಂಪು ಗಾಢವಾಗುತ್ತಾ ಹೋಗುತ್ತದೆ. ಮೂತಿಗೆ ಇವತ್ತು ಮೂರು ಪದರ, ಎಂಜಿನ್ ಮುಚ್ಚಳಕ್ಕೆ ನಾಳೆ ಐದು ಪದರ ಹೊಡೆದರೆ ಒಂದೇ ಕಾರಿನ ಮೇಲೆ ಎರಡು ಕೆಂಪು ಕಾಣುತ್ತವೆ, ಅದನ್ನು ಸರಿಪಡಿಸಲು ಆಗುವುದಿಲ್ಲ. ಕೆಂಪು ಬರುವ ತುಂಡುಗಳನ್ನೆಲ್ಲ ಸಾಲಾಗಿ ಕಡ್ಡಿಗೆ ಸಿಕ್ಕಿಸಿ, ಒಂದೇ ಬಟ್ಟಲಲ್ಲಿ ಕಲಸಿದ ಬಣ್ಣದಿಂದ, ಒಂದೇ ಸಲಕ್ಕೆ, ಸಮ ಪದರ ಹೊಡೆಯಬೇಕು. ಮುಗಿದ ಮಾಡೆಲ್ಲನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಎಲ್ಲ ಬಣ್ಣಗಳಿಗಿಂತ ಬೇಗ ಮಾಸುವುದು ಫ್ಲೋರೊಸೆಂಟ್.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಲ್ಯಾಕರ್ ಒಣಗುವಾಗ ಬೂದಿ ಎರಚಿದಂತೆ ಮಂಕಾಗುವುದುಂಟು. ಥಿನ್ನರ್ ವೇಗವಾಗಿ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುವುದೇ ಕಾರಣ. ಬಣ್ಣ ಕೆಟ್ಟಿತೆಂದು ಉಜ್ಜಬೇಡಿ. ನಿಧಾನವಾಗಿ ಆರುವ ರಿಟಾರ್ಡರ್ ಬೆರೆತ ಥಿನ್ನರನ್ನು ಒಣ ದಿನದಲ್ಲಿ ಒಮ್ಮೆ ತೆಳುವಾಗಿ ಹಾಯಿಸಿದರೆ ಮಂಕು ಹೋಗುತ್ತದೆ. ಆಷಾಢದ ಮಳೆ ಹಿಡಿದಾಗ ಎಂಜಿನ್, ತಳದ ಕಪ್ಪು ಮುಂತಾದ ಹೊಳಪಿಲ್ಲದ ಕೆಲಸ ಮಾಡಿಕೊಂಡು ಹೊರಮೈಯನ್ನು ಮುಂದಕ್ಕೆ ಹಾಕುವುದು ಜಾಣತನ.

ಡೆಕಾಲ್‌ಗೆ, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಹೆಸರು, ನಂಬರುಗಳ ತೆಳು ಚಿತ್ರಕ್ಕೆ, ನುಣುಪು ಮೈ ಬೇಕು. ಫ್ಲೋರೊಸೆಂಟ್ ಒಣಗಿದರೆ ಒರಟು. ಅದರ ಮೇಲೆ ನೇರ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಹಾಗಾಗಿ ಮೊದಲು ಹೊಳಪಿನ ಕ್ಲಿಯರ್, ಆಮೇಲೆ ಡೆಕಾಲ್, ಮೇಲೆ ಮತ್ತೆ ಕ್ಲಿಯರ್. ಡೆಕಾಲನ್ನು ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ತೆಗೆದು, ತಾನಾಗಿ ಜಾರುವ ತನಕ ಕಾದು ಸರಿಸಬೇಕು. ಮೆತ್ತಗಾಗಿಸುವ ದ್ರವ ಸವರಿದಾಗ ಅದು ಸುಕ್ಕಾಗುತ್ತದೆ. ಆಗ ಗಾಬರಿಯಿಂದ ಮುಟ್ಟಿದರೆ ಹರಿಯುತ್ತದೆ, ಸುಮ್ಮನೆ ಬಿಟ್ಟರೆ ಒಣಗುತ್ತಾ ಮೈಗೆ ಅಂಟಿ ಸಮವಾಗುತ್ತದೆ. ಹಳೆಯ ಕಿಟ್‌ನ ಡೆಕಾಲ್ ಹಾಳೆ ಹಳದಿಯಾಗಿದ್ದರೆ ಕೆಲವು ದಿನ ಕಿಟಕಿ ಗಾಜಿಗೆ ಅಂಟಿಸಿ ಬಿಸಿಲು ತೋರಿಸಿದರೆ ಹಳದಿ ಇಳಿಯುತ್ತದೆ. ಮೇಲಿನ ಕ್ಲಿಯರನ್ನು ಮೊದಲ ಸಲವೇ ಒದ್ದೆಯಾಗುವಂತೆ ಹೊಡೆದರೆ ಅದರ ಥಿನ್ನರ್ ಡೆಕಾಲನ್ನು ಕರಗಿಸಿ ಸೀಳುತ್ತದೆ. ಎರಡು ಮೂರು ಪದರ ಮಂಜಿನಷ್ಟು ತೆಳುವಾಗಿ ಹೊಡೆದ ನಂತರವೇ ಒದ್ದೆ ಪದರ.

ನಿಜವಾದ ಕಾರಿನ ಮೇಲಿದ್ದ ಸಿಗರೇಟಿನ ಹೆಸರು ಕಿಟ್‌ನ ಡೆಕಾಲ್‌ನಲ್ಲಿ ಇರುವುದಿಲ್ಲ. ಬೇರೆ ಕಂಪನಿಗಳ ಡೆಕಾಲ್ ತರಿಸಿ ಹಾಕುವವರಿದ್ದಾರೆ. ಮಕ್ಕಳ ಮಾಡೆಲ್‌ಗೆ ಅದರ ಅಗತ್ಯವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಂಬಾಕು ಜಾಹೀರಾತಿಗೆ ನಿರ್ಬಂಧವಿದ್ದ ಕಡೆ ರೇಸ್ ಕಾರುಗಳು ಆ ಹೆಸರಿಲ್ಲದೆ ಓಡಿದ್ದೂ ಇತಿಹಾಸವೇ.

ವಿವರ ಸೇರಿಸುವಾಗ ಮೊದಲು ಲೆಕ್ಕ ಮಾಡಬೇಕು. 75 ಮಿ.ಮೀ. ಅಗಲದ ಭುಜದ ಬೆಲ್ಟ್ 1/20ರಲ್ಲಿ 3.75 ಮಿ.ಮೀ., 1/24ರಲ್ಲಿ 3 ಮಿ.ಮೀ.ಗಿಂತ ತುಸು ಹೆಚ್ಚು. ಅದೇ ಹಳದಿ ಟೇಪನ್ನು ಆ ಅಗಲಕ್ಕೆ ಕತ್ತರಿಸಿ ಬಣ್ಣ ಹಚ್ಚಿದರೆ ಬೆಲ್ಟ್ ಸಿದ್ಧ. ಸೀಟಿನ ಮೇಲೆ ಅದು ಬಾಗಿ ಬೀಳಬೇಕು, ಹಲಗೆಯಂತೆ ನಿಲ್ಲಬಾರದು. ಟೈರೆಲ್ ಪಿ34, ಲೋಟಸ್ 79ರಂಥ, ಎಂಟು ಸಿಲಿಂಡರಿನ ಕಾಸ್ವರ್ತ್ ಡಿಎಫ್‌ವಿ ಎಂಜಿನ್‌ನ ಹಳೆಯ ಫಾರ್ಮುಲಾ ಒನ್ ಕಾರುಗಳಲ್ಲಿ 8 ಸ್ಪಾರ್ಕ್ ಪ್ಲಗ್ ವೈರ್ ಎದ್ದು ಕಾಣುತ್ತವೆ. 7 ಮಿ.ಮೀ. ದಪ್ಪದ ವೈರ್ 1/20ರಲ್ಲಿ 0.35 ಮಿ.ಮೀ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ 28 ಗೇಜ್ ವೈಂಡಿಂಗ್ ತಂತಿ ಇದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಕೈ ಡ್ರಿಲ್ಲಿನಿಂದ 0.4 ಮಿ.ಮೀ. ತೂತು ಕೊರೆದು ತುದಿ ಕೂರಿಸಬೇಕು. ದಪ್ಪ ತಂತಿ ಹಾಕುವುದಕ್ಕಿಂತ ತಂತಿಯೇ ಇಲ್ಲದಿರುವುದು ಮೇಲು. ರೆಕ್ಕೆಯ ಪಕ್ಕದ ಫಲಕಗಳು ಕಿಟ್‌ನಲ್ಲಿ ದಪ್ಪ ಇರುತ್ತವೆ. 0.3 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ ಹೊಸದು ಕತ್ತರಿಸಬಹುದು, ಇಲ್ಲವೇ ಒಳಬದಿಯ ಅಂಚನ್ನಷ್ಟೇ ಇಳಿಜಾರಾಗಿ ಉಜ್ಜಿದರೂ ನೋಟಕ್ಕೆ ತೆಳುವಾಗುತ್ತದೆ. ಟೈರಿನ ನಡುವಿನ ಗೆರೆ ಮತ್ತು ಹೊಳಪನ್ನು 400 ನಂಬರಿನ ಪೇಪರ್‌ನಿಂದ ತೆಗೆದರೆ ಓಡಿದ ಟೈರಿನ ಕಳೆ ಬರುತ್ತದೆ. ಹಳೆಯ ಅಮೆರಿಕನ್ ಕಿಟ್ ಸಿಕ್ಕಿದರೆ ಅದರ ವಿನೈಲ್ ಟೈರ್‌ಗಳನ್ನು ಬೇರೆ ಚೀಲಕ್ಕೆ ಹಾಕಿಡಿ. ಅವುಗಳಿಂದ ಒಸರುವ, ವಿನೈಲನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ಪಾಲಿಸ್ಟೈರೀನನ್ನು ತಿನ್ನುತ್ತದೆ.

ಲೇಖನದಲ್ಲಿ ಒಂದು ಸಾಲೂ ಇಲ್ಲದಿದ್ದುದು ಸುರಕ್ಷತೆ. ಲ್ಯಾಕರ್ ಮತ್ತು ಸಿಮೆಂಟಿನ ಆವಿಗೆ ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ತಡೆಯಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು. ಸ್ಪ್ರೇ ಮಾಡುವ ಜಾಗದ ಗಾಳಿ ಹೊರಗೆ ಹೋಗುವಂತಿರಬೇಕು, ಹತ್ತಿರದಲ್ಲಿ ಗ್ಯಾಸ್ ಒಲೆಯಾಗಲಿ ದೇವರ ದೀಪವಾಗಲಿ ಉರಿಯುತ್ತಿರಬಾರದು. ಕಾರಿನ ಗ್ಯಾರೇಜುಗಳಲ್ಲಿ ಬಳಸುವ ಎರಡು ಡಬ್ಬಿ ಬೆರೆಸುವ 2ಕೆ ಕ್ಲಿಯರ್ ಗಾಜಿನ ಹೊಳಪು ಕೊಡುತ್ತದೆ ನಿಜ, ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಾಟದ ಅಲರ್ಜಿ, ಆಸ್ತಮಾ ತರಬಲ್ಲ ರಾಸಾಯನಿಕ ಅದು. ಮನೆಯೊಳಗೆ, ಮಕ್ಕಳಿರುವಲ್ಲಿ ಅದು ಬೇಡವೇ ಬೇಡ. ಹದಿನಾಲ್ಕರ ಕೆಳಗಿನ ಮಕ್ಕಳಿಗೆ ಅಂಟಿಲ್ಲದೆ ಒತ್ತಿ ಕೂಡಿಸುವ ಸ್ನ್ಯಾಪ್ ಕಿಟ್ ಮತ್ತು ಕುಂಚದಿಂದ ಹಚ್ಚುವ ನೀರಿನ ಅಕ್ರಿಲಿಕ್ ಬಣ್ಣ ಕೊಡಿಸುವುದು ಒಳ್ಳೆಯದು.

ಥಿನ್ನರ್ ಮತ್ತು ಗಾಳಿಯ ವಿಷಯದ ಈ ಎಚ್ಚರಿಕೆಯನ್ನಾದರೂ ಮುಂದಿನ ಪುರವಣಿಯಲ್ಲಿ, ಮೂಲ ಲೇಖನ ಬಂದ ಪುಟದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಸ್ಕೇಲ್ ಮಾಡೆಲ್ ಹವ್ಯಾಸಿ, ಬೆಂಗಳೂರು