ಅಡ್ಡಿಲ್ಲ ಅಂತ ಬರೆದೆಯಲ್ಲ, ಅದಕ್ಕೇ ಈ ಪತ್ರ

ಶಿರಸಿ

ಪ್ರೀತಿಯ ತಮಾ,

ನಿನ್ನ ಪತ್ರ ಮೂರು ಸಲ ಓದಿದೆ. ಕತ್ತಿ ನುಂಗುವ ವಿದ್ಯೆ ಕೈಗೂಡಿತು, ಕತ್ತಿ ಹೊಟ್ಟೆಯ ತನಕ ಇಳಿಯಿತು ಅಂತ ಬರೆದದ್ದು ನೋಡಿ ನನಗೂ ಖುಷಿಯೇ ಆಯಿತು, ಸುಳ್ಳಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, 'ಮೂರು ದಿನ ಉಗುಳು ನುಂಗಿದರೂ ಎದೆ ಹತ್ರ ನೋವಿತ್ತು, ಯಾರಿಗೂ ಹೇಳಲಿಲ್ಲ, ಈಗ ಅಡ್ಡಿಲ್ಲ' ಅಂತ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ನಿನ್ನ ಆಯಿ ಹೇಳಿದ್ದನ್ನೆಲ್ಲ ನಾನು ಮತ್ತೆ ಹೇಳುವುದಿಲ್ಲ. ಬಿಡು ಅಂತಲೂ ಹೇಳುವುದಿಲ್ಲ. ವಾಕರಿಕೆ ಪಳಗಿಸಲು ದಿನಾ ಗಂಟಲಿಗೆ ಚಮಚ ಇಳಿಸಿಕೊಂಡು ಒಂದೂವರೆ ವರ್ಷ ಕೂತವನಿಗೆ ಹಾಗೆ ಹೇಳಲು ನಾನ್ಯಾರು? ಇದು ಕಣ್ಕಟ್ಟಲ್ಲ, ಕತ್ತಿ ನಿಜವಾಗಿಯೂ ಒಳಗೆ ಹೋಗುತ್ತದೆ ಅಂತ ಗೊತ್ತಿದೆ. ಗೊತ್ತಿರುವುದಕ್ಕೇ ಹೆದರಿಕೆ. ಹಲ್ಲಿನಿಂದ ಹೊಟ್ಟೆಗೆ ಹೆಚ್ಚು ಕಡಿಮೆ 40 ಸೆಂಟಿಮೀಟರ್ ದಾರಿ, ಅದರಲ್ಲಿ ಒಂದು ಕಡೆ ಹೃದಯದ ಬೆನ್ನಿಗೇ ತಾಗಿಕೊಂಡು ಹೋಗಬೇಕು. ನೋವು ಗಂಟಲಲ್ಲಿ ಇದ್ದಿದ್ದರೆ ಕಲಿಯುವವರಿಗೆಲ್ಲ ಬರುತ್ತದೆ ಅಂದುಕೊಂಡು ಸುಮ್ನಿರುತ್ತಿದ್ದೆ. ನೀನು ಎದೆ ಅಂತ ಬರೆದಿದ್ದೀ.

ಯಕ್ಷಗಾನ ಮೇಳದಲ್ಲಿ ನಾನು ಹಾಡುತ್ತಿದ್ದ ಪದ ನೀನು ಕೇಳಿಲ್ಲ, ನೀನು ಹುಟ್ಟುವ ಮೊದಲೇ ಮುಗಿದಿತ್ತು. ಮಾವ ಮೇಳ ಬಿಟ್ಟ ಅಂತ ಊರಲ್ಲಿ ಹೇಳುತ್ತಾರೆ. ಬಿಟ್ಟದ್ದಲ್ಲ ಅದು. ತಿರುಗಾಟದ ನಡುವೆ ಕುಮಟೆಯ ಕಡೆ ಒಂದು ಆಟ, ಬೆಳಗಿನ ಜಾವ ಏರು ಪದ ಎತ್ತಿದಾಗ ಗಂಟಲಲ್ಲಿ ಏನೋ ಕಿತ್ತ ಹಾಗಾಯಿತು. ವೇಷ ಕಟ್ಟುವ ಚೌಕಿಯ ಹಿಂದೆ ಹೋಗಿ ಉಗಿದರೆ ಕೆಂಪು. ಕಾಲಿನಿಂದ ಮಣ್ಣು ಮುಚ್ಚಿದೆ. ಜೇಷ್ಠಮಧು ಜಗಿದುಕೊಂಡು ಮರುದಿನವೂ ಹಾಡಿದೆ, ಅದರ ಮರುದಿನವೂ ಹಾಡಿದೆ, ಹೇಳಿದರೆ ನನ್ನ ಜಾಗದಲ್ಲಿ ಬೇರೆಯವರನ್ನು ಕೂರಿಸುತ್ತಾರೆ ಅನ್ನುವ ಹೆದರಿಕೆ. ಮದ್ದಳೆಯವನು ಒಮ್ಮೆ ಕೇಳಿದ, 'ಏನೋ, ದನಿ ಒಡೀತಾ ಇದೆಯಲ್ಲ?' ಅಡ್ಡಿಲ್ಲ ಅಂದೆ. ಮಳೆಗಾಲ ಬರುವಷ್ಟರಲ್ಲಿ ದನಿ ಹೋಗಿತ್ತು. ಹದಿನೈದು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಉಳಿಯುತ್ತಿತ್ತೋ ಏನೋ. ಆ ಕೆಂಪು ಉಗುಳಿನ ವಿಷಯ ನಿನ್ನ ಆಯಿಗೂ ಗೊತ್ತಿಲ್ಲ.

ಆ ರಾತ್ರಿ ಮೊಬೈಲಲ್ಲಿ ಹುಡುಕಿ ಓದಿದೆ. 2006ರಲ್ಲಿ ಬ್ರಿಟನ್ನಿನ ವೈದ್ಯರ ಪತ್ರಿಕೆಯಲ್ಲಿ ಬಂದದ್ದು, ಕತ್ತಿ ನುಂಗುವವರನ್ನೇ ಕೇಳಿ ಬರೆದದ್ದು, 46 ಜನ ಉತ್ತರ ಕೊಟ್ಟಿದ್ದಾರೆ. ಒಬ್ಬನ ಭುಜದ ಮೇಲಿದ್ದ ಗಿಳಿ ಗಲಾಟೆ ಮಾಡಿ, ಅವನ ಗಮನ ತಪ್ಪಿ ಅನ್ನನಾಳ ಕೊಯ್ದುಕೊಂಡನಂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಮೊದಲೇ ಗಾಯ ಇದ್ದಾಗ ದೊಡ್ಡ ಅನಾಹುತ ಆಗುವುದು ಜಾಸ್ತಿ ಅಂತ ಅದರಲ್ಲಿದೆ. ಆ ಮೂರು ದಿನ ನೀನು ಅಭ್ಯಾಸ ನಿಲ್ಲಿಸಿದ್ದೆಯಾ? ಪತ್ರದಲ್ಲಿ ಬರೆದಿಲ್ಲ.

ಈ ವಿದ್ಯೆ ಕಲಿತವನಲ್ಲ ನಾನು, ಹೇಳುವುದು ಸರಿಯೋ ಇಲ್ಲವೋ. ಆದರೂ ಉಗುಳು ನುಂಗಿದರೆ ನೋಯುವ ದಿನ ಕತ್ತಿ ಮುಟ್ಟಬೇಡ. ಕೋಣೆಯಲ್ಲಿ ಒಬ್ಬನೇ ಇದ್ದಾಗಲೂ ಬೇಡ. ಎದೆ ನೋವಿನ ಜೊತೆ ಜ್ವರ ಬಂದರೆ, ಕುತ್ತಿಗೆ ಊದಿದರೆ, ಬೆಳಗಾಗಲಿ ಅಂತ ಕಾಯಬೇಡ ಮಾರಾಯಾ, ಅನ್ನನಾಳ ತೂತಾದರೆ ಎದೆಯೊಳಗೇ ಕೀವಾಗುತ್ತದೆ.

ಈಗ ನೋವಿಲ್ಲದಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸು. ಕತ್ತಿ ನುಂಗಿದೆ ಅಂತಲೇ ಹೇಳು, ಹಪ್ಪಳದ ಚೂರು ಚುಚ್ಚಿತು ಅಂತ ಸುಳ್ಳು ಹೇಳಬೇಡ. ನಾಚಿಕೆ ಯಾಕೆ? 1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಕುಸ್‌ಮಾಲ್ ಅನ್ನುವ ಡಾಕ್ಟರು ಕೊಳವೆ ಇಳಿಸಿ ಒಳಗೆ ನೋಡಲು ಹೊರಟಾಗ ಕರೆಸಿದ್ದು ಕತ್ತಿ ನುಂಗುವವನನ್ನೇ ಅಲ್ವಾ. ಎಂಡೋಸ್ಕೋಪಿ ಶುರುವಾಗಲು ನಿಮ್ಮವನೊಬ್ಬ ಗಂಟಲು ಕೊಟ್ಟಿದ್ದಾನೆ.

ಮುಂದಿನ ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನ ಹತ್ರ ಪ್ರದರ್ಶನ ಮಾಡುವ ಆಸೆ ಅಂದಿದ್ದೀ. ತಪ್ಪಿದರೆ ಇನ್ನೆರಡು ವರ್ಷ ಕಾಯಬೇಕು, ಗೊತ್ತು. ಅವತ್ತು ಜನ ಸೇರಿದ ಮೇಲೆ ಎದೆ ನೋಯುತ್ತಾ ಇದ್ದರೆ ಯಾರಿಗಾದರೂ ಹೇಳುತ್ತೀಯಾ? ನಾನು ಹೇಳಿರಲಿಲ್ಲ.

ಡಾಕ್ಟರಿಗೆ ತೋರಿಸಿದ ದಿನ ಫೋನ್ ಮಾಡು. ನನ್ನ ದನಿ ಫೋನಿನಲ್ಲಿ ಸರಿಯಾಗಿ ಕೇಳುವುದಿಲ್ಲ. ನೀನೇ ಮಾತಾಡು, ನಾನು ಕೇಳುತ್ತಾ ಇರುತ್ತೇನೆ.

ನಿನ್ನ ಮಾವ