ಪದಕ ಬರಲಿ, ಮೊದಲು ಗೇಟಿನ ಬೀಗ ತೆಗೆಸಿ

ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ. ಪದಕ ಗೆದ್ದು ಬಂದವರನ್ನು ಸನ್ಮಾನಿಸುವಾಗಲೆಲ್ಲ ನೀವು ಆಡುವ ಮಾತು ನನಗೀಗ ಬಾಯಿಪಾಠವಾಗಿದೆ: ಕ್ರೀಡೆ ದೇಶವನ್ನು ಒಗ್ಗೂಡಿಸುತ್ತದೆ. ಮಾತು ಸುಳ್ಳಲ್ಲ. ಆದರೆ ಒಗ್ಗೂಡಿಸುವುದು ಎಲ್ಲಿ ಎಂಬ ವಿಷಯದಲ್ಲಿ ನಿಮ್ಮೊಂದಿಗೆ ನನ್ನದೊಂದು ತಕರಾರಿದೆ.

ಮೊನ್ನೆ ಸಂಜೆ ಕಂಡದ್ದನ್ನೇ ಹೇಳುತ್ತೇನೆ. ಸರ್ಕಾರಿ ಕ್ರೀಡಾಂಗಣದ ಗೇಟಿಗೆ ಬೀಗ ಬಿದ್ದಿತ್ತು. ಹೊರಗೆ ರಸ್ತೆಯ ಬದಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಚಪ್ಪಲಿಗಳನ್ನೇ ಗೋಲುಕಂಬ ಮಾಡಿಕೊಂಡು ಚೆಂಡು ಒದೆಯುತ್ತಿದ್ದರು. ಚೆಂಡು ಒಂದು ಚಪ್ಪಲಿಗೆ ಸವರಿಕೊಂಡು ಹೋಯಿತು. ಗೋಲೋ, ಅಲ್ಲವೋ? ತೀರ್ಪುಗಾರ ಇಲ್ಲ, ಕ್ಯಾಮೆರಾ ಇಲ್ಲ. ಎರಡೂ ಕಡೆಯವರು ಗಂಟಲು ಹರಿಯುವಂತೆ ಕೂಗಿದರು. ಚೆಂಡಿನ ಒಡೆಯ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟ. ನಾಲ್ಕು ಹೆಜ್ಜೆ ಹೋದವನು, ಯಾರಾದರೂ ಕರೆಯುತ್ತಾರೆಯೇ ಎಂದು ತಿರುಗಿ ನೋಡಿದ. ಕರೆದರು. ಗೋಲು ಬೇಡ, ಇನ್ನೊಮ್ಮೆ ಒದೆಯಲಿ ಎಂದು ತೀರ್ಮಾನವಾಯಿತು. ಎಲ್ಲ ಸೇರಿ ಮೂರು ನಿಮಿಷ. ಸದನದ ಕಲಾಪ ನೋಡುವ ಅಭ್ಯಾಸವಿರುವ ನನಗೆ ಅಚ್ಚರಿಯಾದದ್ದು ಸಹಜವಷ್ಟೆ.

ನಾನು ಒಗ್ಗಟ್ಟು ಎನ್ನುವುದು ಇದಕ್ಕೆ. ಎದುರಾಳಿ ಮನೆಗೆ ಹೋದರೆ ಆಟವೇ ಇಲ್ಲ ಎಂಬುದು ಆ ಮಕ್ಕಳಿಗೆ ಗೊತ್ತು.

ನಿಮ್ಮ ಭಾಷಣಗಳಲ್ಲಿ ದಕ್ಷಿಣ ಆಫ್ರಿಕಾದ ಮಂಡೇಲಾ ಬಂದೇ ಬರುತ್ತಾರೆ. 1995ರ ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ, ಕರಿಯರು ವರ್ಣಭೇದದ ಗುರುತೆಂದು ದ್ವೇಷಿಸುತ್ತಿದ್ದ ದೇಶದ ತಂಡದ ಹಸಿರು ಜೆರ್ಸಿಯನ್ನೇ ಅವರು ತೊಟ್ಟು ಬಂದದ್ದು ದೊಡ್ಡ ಮಾತು. ನೀವು ಬಿಟ್ಟುಬಿಡುವುದು ಮುಂದಿನ ಕಥೆಯನ್ನು. ಅಂದು ಆಡಿದ ತಂಡದಲ್ಲಿ ಬಿಳಿಯನಲ್ಲದವನು ಚೆಸ್ಟರ್ ವಿಲಿಯಮ್ಸ್ ಒಬ್ಬನೇ. ಕರಿಯ ನಾಯಕನೊಬ್ಬ, ಸಿಯಾ ಕೊಲಿಸಿ, ಆ ಕಪ್ ಎತ್ತುವಾಗ 2019 ಆಗಿತ್ತು. ಜೆರ್ಸಿ ತೊಡಲು ಒಂದು ಮಧ್ಯಾಹ್ನ ಸಾಕಾಯಿತು, ತಂಡ ಬದಲಾಗಲು 24 ವರ್ಷ ಹಿಡಿಯಿತು. ಗ್ಯಾಲರಿಯ ಹುರುಪಿಗೆ ಇನ್ನೊಂದು ಮುಖವೂ ಇದೆ: 1969ರಲ್ಲಿ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ವಿಶ್ವಕಪ್ ಅರ್ಹತಾ ಪಂದ್ಯಗಳ ಬೆನ್ನಿಗೇ ಯುದ್ಧಕ್ಕಿಳಿದವು. ಜಗಳದ ಬೇರು ಜಮೀನು ಮತ್ತು ವಲಸೆಯಲ್ಲಿತ್ತು, ನಿಜ. ಆದರೆ ಉರಿಗೆ ಗಾಳಿ ಹಾಕಿದ್ದು ಫುಟ್‌ಬಾಲ್.

ಆ ಮಕ್ಕಳ ಗುಂಪಿನಲ್ಲಿ ಹುಡುಗಿಯರು ಇಬ್ಬರೇ ಇದ್ದರು, ಇಬ್ಬರಿಗೂ ಹತ್ತು ದಾಟಿರಲಿಕ್ಕಿಲ್ಲ. ಅವರ ಅಕ್ಕಂದಿರು ಎಲ್ಲಿ ಹೋದರು? ಹೆಣ್ಣುಮಕ್ಕಳ ಮೈ ತಾಳಲಾರದೆಂಬ ಅಂಜಿಕೆಯನ್ನು ದಾಟಿ ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಈಗ ಹಾಗೆ ಬಾಯಿಬಿಟ್ಟು ಹೇಳುವವರು ಕಡಿಮೆ. ಮೈದಾನದ ಶೌಚಾಲಯಕ್ಕೆ ಚಿಲಕ ಇಲ್ಲದಿರುವುದು, ಕತ್ತಲಾದರೆ ದೀಪ ಇಲ್ಲದಿರುವುದು ಅದೇ ಮಾತನ್ನು ಹೇಳುತ್ತಿವೆ.

ಹಣವಿಲ್ಲ ಎನ್ನಬೇಡಿ. ಹೊಸ ಮಹಾಕ್ರೀಡಾಂಗಣದ ನಕ್ಷೆಯೊಂದಿಗೆ ನೀವು ನಿಂತ ಫೋಟೊ ನೋಡಿದ್ದೇನೆ. 1976ರ ಒಲಿಂಪಿಕ್ಸ್ ನಡೆಸಿದ ಮಾಂಟ್ರಿಯಲ್ ಆ ಸಾಲವನ್ನು ತೀರಿಸಿ ಮುಗಿಸಿದ್ದು 2006ರಲ್ಲಿ. ಆ ನಕ್ಷೆಗೆ ಸಹಿ ಹಾಕುವ ಮೊದಲು ಇದೊಂದು ನೆನಪಿರಲಿ. ನಾನು ಕೇಳುತ್ತಿರುವುದಕ್ಕೆ ಸಾಲ ಬೇಕಿಲ್ಲ.

ಗೇಟು ಏಕೆ ತೆರೆಯುವುದಿಲ್ಲ ಎಂದು ಕಾವಲುಗಾರನನ್ನು ಕೇಳಿದೆ. ಹುಲ್ಲು ಹಾಳಾಗುತ್ತದೆ ಎಂದ. ಕ್ರೀಡೆ ಎಲ್ಲರ ಮೂಲಭೂತ ಹಕ್ಕು ಎಂದು ಯುನೆಸ್ಕೊ 1978ರಲ್ಲೇ ಸನ್ನದು ಹೊರಡಿಸಿದೆ ಎಂದು ಅವನಿಗೆ ಹೇಳಿ ಏನು ಪ್ರಯೋಜನ? ಬೀಗದ ಕೈ ಅವನ ಬಳಿ ಇಲ್ಲವೇ ಇಲ್ಲವಂತೆ, ನಿಮ್ಮ ಇಲಾಖೆಯ ಕಚೇರಿಯಲ್ಲಿದೆಯಂತೆ. ಒಂದು ಸಾಲಿನ ಆದೇಶ ಸಾಕು: ಸಂಜೆ ನಾಲ್ಕರಿಂದ ಎಂಟರವರೆಗೆ ಗೇಟು ತೆರೆದಿರತಕ್ಕದ್ದು. ಜೊತೆಗೆ ನಾಲ್ಕು ದೀಪ, ಒಂದು ಚಿಲಕ.

ಇಂತಿ,
ಗೇಟಿನ ಹೊರಗೆ ನಿಂತವರಲ್ಲೊಬ್ಬ