ಅವ್ವನ ಫೋನ್ ನಂಬರ್ ನಿಮ್ಮ ಹತ್ರ ಇದೆ, ಒಂದು ಕಾಲ್ ಮಾಡ್ಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಸಣ್ಣ ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು. ಪಹಣಿ, ರೇಷನ್ ಕಾರ್ಡ್ ತಿದ್ದುಪಡಿ, ಪೆನ್ಷನ್ ಅರ್ಜಿ ಎಲ್ಲಾ ನನ್ನ ಕಂಪ್ಯೂಟರಿಂದಾನೇ ಹೋಗೋದು. ನಮ್ಮೂರಲ್ಲಿ ಎಷ್ಟೋ ಜನಕ್ಕೆ ಆಭಾ ಕಾರ್ಡ್, ಅಂದ್ರೆ ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಕಾರ್ಡ್, ಮಾಡ್ಕೊಟ್ಟೋನು ನಾನೇ, ಆ 14 ಅಂಕಿ ನಂಬರ್ನ ಲ್ಯಾಮಿನೇಷನ್ ಮಾಡಿ ಕೈಗೆ ಕೊಟ್ಟಿದೀನಿ. ಹಾಗಾಗಿ ಡಿಜಿಟಲ್ ಬೇಡ ಅನ್ನೋನಲ್ಲ ಸಾರ್ ನಾನು. ಬಿಪಿ ಇರೋ ನಮ್ಮವ್ವಂಗೆ ಊಟದ ಬಗ್ಗೆ ಸರಿಯಾಗಿ ಹೇಳೋರಿಲ್ದಿದ್ರೂ ಆರು ವರ್ಷ ಸುಮ್ನಿದ್ದೆ, ಇನ್ನು ಆಗಲ್ಲ, ಅದಕ್ಕೇ ಬರೀತಿದೀನಿ.

ನಮ್ಮವ್ವಂಗೆ 63 ವರ್ಷ, ಬಿಪಿ ಬಂದು ಆರು ವರ್ಷ ಆಯ್ತು. ಪ್ರತಿ ತಿಂಗಳು ಆಸ್ಪತ್ರೆಗೆ ಹೋಗ್ತಾಳೆ, ತೋಳಿಗೆ ಪಟ್ಟಿ ಸುತ್ತಿ ನೋಡ್ತಾರೆ, ಟ್ಯಾಬಲ್ಲಿ ಬರ್ಕೋತಾರೆ, ಅಮ್ಲೋಡಿಪಿನ್ ಮಾತ್ರೆ ಕೊಡ್ತಾರೆ, "ಉಪ್ಪು ಕಮ್ಮಿ ಮಾಡಮ್ಮ" ಅಂತಾರೆ, ಮುಗೀತು. ಆರು ವರ್ಷದಲ್ಲಿ ಅವಳ ಊಟದ ಬಗ್ಗೆ ಸಿಕ್ಕಿದ್ದು ಈ ಮೂರೇ ಪದ. ಅವ್ವ ಅದನ್ನ ಪಾಲಿಸಿದ್ಲು. ಸಾರಿಗೆ ಹಾಕೋ ಉಪ್ಪು ಅರ್ಧ ಮಾಡಿದ್ಲು, ನಾವೆಲ್ಲ ಸಪ್ಪೆ ಅಂತ ಮುಖ ಕಿವುಚಿದ್ರೂ ಬಿಡ್ಲಿಲ್ಲ. ಆದ್ರೆ ಸಪ್ಪೆ ಊಟ ಗಂಟಲಲ್ಲಿ ಇಳೀಬೇಕಲ್ಲ, ಪಕ್ಕದಲ್ಲಿ ಉಪ್ಪಿನಕಾಯಿ ಬಂತು, ಮಜ್ಜಿಗೆ ಮೆಣಸಿನಕಾಯಿ ಬಂತು, ಹಪ್ಪಳ ಬಂತು. ತಲೆ ಭಾರ ಅನ್ನಿಸಿದ ದಿನ ಹಗುರವಾಗಿರ್ಲಿ ಅಂತ ಗಂಜಿ ಮತ್ತೆ ಉಪ್ಪಿನಕಾಯಿ. ಸಂಜೆ ಟೀಗೆ ಬೇಕರಿ ಖಾರಾ ಬನ್ನು. ಇದೆಲ್ಲದರಲ್ಲೂ ಉಪ್ಪಿದೆ, ಹಪ್ಪಳಕ್ಕೆ ಹಾಕೋ ಸೋಡಾದಲ್ಲೂ ಉಪ್ಪಲ್ಲಿರೋ, ಬಿಪಿ ಏರಿಸೋ ಅದೇ ಸೋಡಿಯಂ ಇದೆ ಅಂತ ಅವಳಿಗೆ ಹೇಳ್ದೋರು ಯಾರು? ದಿನಕ್ಕೆ ಎಲ್ಲಾ ಸೇರಿ 5 ಗ್ರಾಂಗಿಂತ ಕಮ್ಮಿ ಉಪ್ಪು ತಿನ್ನಿ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ, ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿರೋದು ನಿಮಗೆ ಗೊತ್ತಿರೋದೇ. ಆ ಚಮಚದ ಲೆಕ್ಕ ಅವ್ವನ ಕಿವಿಗೆ ಒಂದು ಸಲಾನೂ ಬೀಳಲಿಲ್ಲ.

ಕಿವಿಗೆ ಬಿದ್ದಿದ್ದು ಬೇರೆ. ವಾಟ್ಸಾಪಲ್ಲಿ ಯಾರೋ ವಿಡಿಯೋ ಕಳಿಸಿದ್ರು, ಬಿಳಿ ಉಪ್ಪು ವಿಷ, ಸೈಂಧವ ಉಪ್ಪು ಎಷ್ಟು ತಿಂದ್ರೂ ಬಿಪಿ ಏರಲ್ಲ ಅಂತ. ಒಳ್ಳೇ ಕನ್ನಡ, ಮನೆಯೋರೇ ಪಕ್ಕದಲ್ಲಿ ಕೂತು ಹೇಳ್ದಂಗಿತ್ತು. ಅವ್ವ ನಂಬಿದ್ಲು, ಮಾಮೂಲಿ ಉಪ್ಪಿಗಿಂತ ನಾಲ್ಕೈದು ಪಟ್ಟು ದುಡ್ಡು ಕೊಟ್ಟು ತರ್ಸಿದ್ಲು, ಇದಾದ್ರೆ ಪರ್ವಾಗಿಲ್ಲ ಅಂತ ಕೈ ಬಿಚ್ಚಿ ಹಾಕಿದ್ಲು. ಸೈಂಧವ ಉಪ್ಪೂ ಬಹುಪಾಲು ಸೋಡಿಯಂ ಕ್ಲೋರೈಡೇ, ಅಂದ್ರೆ ಮಾಮೂಲಿ ಉಪ್ಪಲ್ಲಿರೋದೇ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಸುಳ್ಳು ಹೇಳೋನಿಗೆ ಅವ್ವನ ಫೋನಿನ ತನಕ ದಾರಿ ಸಿಗುತ್ತೆ, ನಿಮ್ಮ ಇಲಾಖೆಗೆ ಯಾಕೆ ಸಿಗಲ್ಲ?

ಇನ್ನು ಆ ದಿನದ ವಿಷ್ಯ ಹೇಳ್ಬೇಕು. ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕರ್ಕೊಂಡು ಹೋದೆ, ಸರ್ವರ್ ಇಲ್ಲ ಅಂದ್ರು. ಮಧ್ಯಾಹ್ನ ಒಂದು ಗಂಟೆ ತನಕ ಬೆಂಚ್ ಮೇಲೆ ಕೂತಿದ್ವಿ, ಅವ್ವ ಟೀ ಕೂಡ ಕುಡ್ದಿರ್ಲಿಲ್ಲ. ಕೊನೆಗೆ ಬಿಪಿ ನೋಡಿದ್ರೆ 178/104, ತುಂಬಾ ಜಾಸ್ತಿ. ಅವ್ವ ಕೇಳಿದ್ಲು, "ನಾನು ಏನ್ ತಿನ್ಲಿ ಸಿಸ್ಟರ್, ಏನ್ ಬಿಡ್ಲಿ?" ಆ ಹೆಣ್ಮಗಳು ತಲೆ ಎತ್ತದೇನೇ, "ಹಿಂದೆ ಇನ್ನೂ ನಲವತ್ತು ಜನ ಇದಾರಮ್ಮ, ಸರ್ವರ್ ಮತ್ತೆ ಹೋಗ್ಬಿಡುತ್ತೆ, ಮುಂದಿನ ಸಲ ಹೇಳ್ತೀನಿ" ಅಂದ್ರು. ನಾನು ಅವ್ವನ ಹಿಂದೇನೇ ನಿಂತಿದ್ದೆ. ಟ್ಯಾಬಲ್ಲಿ ಆಹಾರದ ಸಲಹೆ ಕೊಟ್ಟಾಯ್ತಾ ಅನ್ನೋ ಸಾಲು ಬಂತು. ಹೌದು ಅಂತ ಒತ್ತಿದ್ರು.

ದಿನಾ ಅರ್ಜಿ ತುಂಬೋನು ನಾನು, ಅದು ಒತ್ತದೇ ಇದ್ರೆ ಮುಂದಿನ ಪೇಜ್ ಬರಲ್ಲ ಅಂತ ನನಗೆ ಅರ್ಥ ಆಗುತ್ತೆ. ಆ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ, ಆಸ್ಪತ್ರೆ ಹೆಸರೂ ಹೇಳಲ್ಲ. ಆದ್ರೆ ನಿಮ್ಮ ಲೆಕ್ಕದಲ್ಲಿ ನಮ್ಮವ್ವಂಗೆ ಸಲಹೆ ಸಿಕ್ಕಿದೆ. ಹನ್ನೊಂದು ದಿನ ಆದ್ಮೇಲೆ ಬೆಳಿಗ್ಗೆ ಕಾಫಿ ಲೋಟ ಅವಳ ಬಲಗೈಯಿಂದ ಜಾರಿ ಬಿತ್ತು, ಬಾಯಿ ಒಂದು ಕಡೆ ಸೊಟ್ಟಗಾಯ್ತು. ಲಕ್ವ. ಹದಿನಾರು ದಿನ ಆಸ್ಪತ್ರೆ. ಉಪ್ಪೊಂದರಿಂದಾನೇ ಹಿಂಗಾಯ್ತು ಅಂತ ನಾನು ಹೇಳಲ್ಲ, ಡಾಕ್ಟ್ರೂ ಹಂಗಂದಿಲ್ಲ. ಆದ್ರೆ ಅವಳು ಕೇಳಿದ್ಲಲ್ಲ ಸಾರ್. ಬಾಯ್ಬಿಟ್ಟು ಕೇಳಿದ್ಲಲ್ಲ. ಈಗ ಮಾತು ವಾಪಸ್ ಬಂದಿದೆ, ಕೈ ಬಂದಿಲ್ಲ, ಮುದ್ದೆ ಮುರಿದು ಸಾರಲ್ಲಿ ಅದ್ದಿ ನಾನೇ ಬಾಯಿಗಿಡ್ತೀನಿ.

ಆ ಹದಿನಾರು ರಾತ್ರಿ ವರಾಂಡದಲ್ಲಿ ಕೂತು ಫೋನಲ್ಲಿ ಓದಿದ್ದೇ ಓದಿದ್ದು. ಒಂದು ಡಯಟ್ ಆಪ್ ಹಾಕ್ಕೊಂಡೆ, ಎಲ್ಲಾ ಇಂಗ್ಲಿಷು, ಮುದ್ದೆ ಅಂತ ಹುಡುಕಿದ್ರೆ ಇಲ್ಲ, ಬಸ್ಸಾರು ಇಲ್ಲ, ಓಟ್ಸ್ ತಿನ್ನಿ ಅನ್ನುತ್ತೆ. ಆದ್ರೆ ಸರಿಯಾಗಿ ಮಾಡ್ದೋರೂ ಇದಾರೆ. ಚೀನಾದಲ್ಲಿ 54 ಪ್ರೈಮರಿ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದ್ರಂತೆ, ಮಕ್ಕಳಿಗೆ ಆಪ್ ಮೂಲಕ ಉಪ್ಪಿನ ಪಾಠ, ಮಕ್ಕಳು ಅದನ್ನ ಮನೇಲಿ ಹೇಳೋದು. ಒಂದು ವರ್ಷದಲ್ಲಿ ದೊಡ್ಡೋರು ತಿನ್ನೋ ಉಪ್ಪು ದಿನಕ್ಕೆ 0.82 ಗ್ರಾಂ ಇಳೀತು, ಬಿಪಿನೂ ಒಂಚೂರು ಇಳೀತು, 2022ರಲ್ಲಿ ಪ್ರಕಟ ಆಗಿದೆ. ಅಷ್ಟು ದೂರ ಯಾಕೆ, ಕೇಂದ್ರ ಸರ್ಕಾರದ ಕಿಲ್ಕಾರಿ ಇದೆಯಲ್ಲ, 2016ರಲ್ಲಿ ಶುರುವಾಗಿದ್ದು. ಗರ್ಭಿಣಿಯರ ಫೋನಿಗೆ ವಾರಕ್ಕೊಂದು ವಾಯ್ಸ್ ಕಾಲ್, ನಾಲ್ಕನೇ ತಿಂಗಳಿಂದ ಮಗುಗೆ ಒಂದು ವರ್ಷ ಆಗೋ ತನಕ 72 ಮೆಸೇಜು, ಫ್ರೀ. ಆಪ್ ಬೇಡ, ಓದೋಕೆ ಬರ್ಬೇಕು ಅಂತಿಲ್ಲ, ಕೀಪ್ಯಾಡ್ ಫೋನಾದ್ರೂ ಸಾಕು.

ಬಿಪಿಯೋರಿಗೆ ಅದನ್ನೇ ಮಾಡಿ ಅಂತ ನಾನು ಕೇಳ್ತಿರೋದು. ವಾರಕ್ಕೊಂದು ಕಾಲ್, ಕನ್ನಡದಲ್ಲಿ, ಎರಡು ನಿಮಿಷ. ಒಂದು ವಾರ ಉಪ್ಪಿನಕಾಯಿ ಬಗ್ಗೆ, ಒಂದು ವಾರ ಹಪ್ಪಳ ಸಂಡಿಗೆ, ಒಂದು ವಾರ ಬೇಕರಿ ತಿಂಡಿ. ಉಪ್ಪು ಕಮ್ಮಿ ಆದಾಗ ನಿಂಬೆಹಣ್ಣು, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪಲ್ಲಿ ರುಚಿ ಹೆಂಗೆ ತರೋದು ಅಂತ. ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ಇಂಗ್ಲಿಷಲ್ಲಿ ಬರ್ದಿರೋ ಸೋಡಿಯಂನ ಎರಡೂವರೆಯಿಂದ ಗುಣಿಸಿದ್ರೆ ಉಪ್ಪಿನ ಲೆಕ್ಕ ಸಿಗುತ್ತೆ, 800 ಮಿಲಿಗ್ರಾಂ ಅಂದ್ರೆ 2 ಗ್ರಾಂ ಉಪ್ಪು ಅಂತ ಹೇಳಿ, ಅಂಗಡೀಲಿ ನಿಂತು ಲೆಕ್ಕ ಹಾಕೋಕೆ ನಮಗೂ ಬರುತ್ತೆ. ಸೋಡಿಯಂ ಕಮ್ಮಿ ಮಾಡೋಕೆ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನ ಕಿಡ್ನಿ ತೊಂದ್ರೆ ಇರೋರು ಡಾಕ್ಟ್ರನ್ನ ಕೇಳದೇ ತಿನ್ಬಾರ್ದು ಅಂತಾನೂ ಹೇಳಿ, ಇಲ್ಲಾಂದ್ರೆ ಅದನ್ನೂ ಯಾವುದಾದ್ರೂ ವಿಡಿಯೋ ನೋಡಿ ತಿಂತಾರೆ. ಮೈಸೂರು ಕಡೆ ಊಟ ಬೇರೆ, ಕರಾವಳಿ ಒಣಮೀನು ಬೇರೆ, ಕಲಬುರಗಿ ಊಟ ಬೇರೆ, ಆಯಾ ಕಡೆ ಮಾತಲ್ಲೇ ಮಾಡ್ಸಿ.

ಮನೆಮನೆಗೆ ಹೋಗಿ ಬಿಪಿ ನೋಡೋ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯ್ತು, ಒಳ್ಳೇ ಕೆಲ್ಸ, ಮನಸಾರೆ ಹೇಳ್ತೀನಿ. ರಾಜ್ಯದಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬ ವಯಸ್ಕರಿಗೆ ಬಿಪಿ ಇದೆ ಅಂತ ಸರ್ಕಾರಿ ಸರ್ವೇನೇ ಹೇಳುತ್ತೆ. ಆದ್ರೆ ನೋಡಿ ಬರ್ಕೊಂಡ್ರೆ ಸಾಕಾ? ನಮ್ಮಿಂದ ಹೆಸ್ರು, ವಯಸ್ಸು, ಆಧಾರ್, ಫೋನ್ ನಂಬರ್ ಎಲ್ಲಾ ತಗೊಂಡ್ರಿ, ಆ ಕಡೆಯಿಂದ ಈ ಕಡೆಗೆ ಏನು ಬಂತು? ಮಾಹಿತಿ ಕೊಡೋರು ಯಾವಾಗ್ಲೂ ನಾವೇನಾ?

ಮತ್ತೆ ಹೇಳ್ತೀನಿ, ವಾರಕ್ಕೊಂದು ಕಾಲ್ ಮಾಡ್ಸಿ. ಇನ್ನೊಂದು, ಸಲಹೆ ಕೊಟ್ಟಾಯ್ತು ಅಂತ ಒತ್ತೋ ಅಧಿಕಾರ ಆ ಟ್ಯಾಬ್‌ನಿಂದ ತೆಗೀರಿ. ಸಲಹೆ ಸಿಕ್ತಾ ಇಲ್ವಾ ಅಂತ ಪೇಶೆಂಟ್ ಫೋನಿಗೆ ಕೇಳಿ, ಹೌದಾದ್ರೆ 1 ಒತ್ತಿ, ಇಲ್ಲಾಂದ್ರೆ 2 ಒತ್ತಿ ಅಂತ. ಅವ್ವ ಎಡಗೈಲಿ ಒತ್ತುತಾಳೆ.

ಹೋದ ತಿಂಗಳು ನನಗೂ ನೋಡಿದ್ರು, 150/96. ನನ್ನ ಹೆಸರೂ ಈಗ ಆ ಟ್ಯಾಬಲ್ಲಿದೆ, ನಂಬರ್ ಇಬ್ಬರದ್ದೂ ಒಂದೇ. ಮಾತ್ರೆ ಮೂವತ್ತು ದಿನಕ್ಕೆ ಕೊಟ್ಟಿದಾರೆ, ಮುಗಿದ ದಿನ ಅವ್ವನ್ನ ಆಟೋದಲ್ಲಿ ಕೂರಿಸ್ಕೊಂಡು ಮತ್ತೆ ಅದೇ ಬೆಂಚಿಗೆ ಬರ್ತೀವಿ. ಅಷ್ಟರೊಳಗೆ ಆ ನಂಬರಿಗೆ ಒಂದು ಕಾಲ್ ಬರ್ಲಿ ಸಾರ್.

ಇಂತಿ,
ಒಬ್ಬ ಬಿಪಿ ಪೇಶೆಂಟ್, ಇನ್ನೊಬ್ಬ ಬಿಪಿ ಪೇಶೆಂಟಿನ ಮಗ